ಇಳಿಸಿಟ್ಟ ಛಾವಣಿ

ಬೀದಿಯವರೆಲ್ಲ ಅವನನ್ನು ಬ್ರಷ್ಷಣ್ಣ ಎನ್ನುತ್ತಿದ್ದರು. ಮದುವೆಗೂ ಮುಂಚಿನಿಂದ ಊರವರ ಗೋಡೆಗಳಿಗೆ ಬಣ್ಣ ಬಳಿದವನು. ಕಿವಿ, ಚಪ್ಪಲಿ, ವಾಚಿನ ಪಟ್ಟಿ, ಎಲ್ಲಕ್ಕೂ ಒಂದಲ್ಲ ಒಂದು ಬಣ್ಣ ಅಂಟಿರುತ್ತಿತ್ತು. ಕೆಲಸದಲ್ಲಿ ಅವನಿಗೊಂದು ಹಟ. ಮನೆಯವರು ಬಂದು ನೋಡುವಷ್ಟರಲ್ಲಿ ಹಳೆಯ ಬಣ್ಣವನ್ನೆಲ್ಲ ಕೆರೆದು ಗೋಡೆಯನ್ನು ಬೋಳು ಮಾಡಿಟ್ಟಿರಬೇಕು. ಹಳೆಯದರ ಮೇಲೇ ಹೊಸದನ್ನು ಎಳೆದು ಕೈತೊಳೆದುಕೊಳ್ಳುವ ಪೈಕಿ ತಾನಲ್ಲ ಎಂದು ತೋರಿಸಲು ಅವನ ಹತ್ತಿರ ಇದ್ದ ಸರ್ಟಿಫಿಕೇಟು ಅದೊಂದೇ. ಆ ಒಳ್ಳೆಯ ಬುದ್ಧಿಯೇ ಅವನ ತಲೆಯ ಮೇಲಿನ ಸೂರನ್ನು ನುಂಗಿಹಾಕಿತು.

ಹೆಂಡತಿಗೆ ಉಬ್ಬಸ. ಇದ್ದದ್ದು ಒಂದೇ ಕೋಣೆ, ಮೇಲೆ ಬಿರುಕು ಬಿಟ್ಟ ಸಿಮೆಂಟ್ ಶೀಟು. ಮಳೆ ಬಂದರೆ ಪಾತ್ರೆಗಳು ಅಡುಗೆ ಕೆಲಸ ಬಿಟ್ಟು ನೆಲದ ಮೇಲೆ ಸಾಲಾಗಿ ಕೂರುತ್ತಿದ್ದವು. ಹಾಸಿಗೆ ಎಂದೂ ಪೂರ್ತಿ ಒಣಗುತ್ತಿರಲಿಲ್ಲ. ಈ ಸಲ ಅವಳನ್ನು ಆಸ್ಪತ್ರೆಗೆ ಸೇರಿಸಿದಾಗ ಡಾಕ್ಟರಮ್ಮ ಅವನನ್ನು ಪಕ್ಕಕ್ಕೆ ಕರೆದು, "ಆ ತೇವಕ್ಕೆ ಮತ್ತೆ ಕರ್ಕೊಂಡು ಹೋದ್ರೆ ನಾನು ಏನೂ ಮಾಡೋಕಾಗಲ್ಲಪ್ಪ" ಎಂದರು. ಅವಳು ಮನೆಗೆ ಬರುವುದರೊಳಗೆ ಹೊಸ ಛಾವಣಿ ಆಗಬೇಕಿತ್ತು.

ಅದಕ್ಕೆ ಪುರಸಭೆಯ ಅನುಮತಿ ಬೇಕು ಎಂದು ಶೀಟಿನ ಅಂಗಡಿಯವನು ಹೇಳಿದ. ಬ್ರಷ್ಷಣ್ಣ ಅರ್ಜಿ ಕೊಟ್ಟ. ಇಂಜಿನಿಯರು ಬಂದು ನೋಡುತ್ತಾರೆ ಎಂದರು. ಬಂದು ನೋಡುತ್ತಾರೆ ಎಂದ ಮೇಲೆ ಅವನ ಕೈ ಸುಮ್ಮನಿರುತ್ತದೆಯೇ? ಹಿಂದಿನ ದಿನವೇ ಏಣಿ ಹಾಕಿ ಶೀಟುಗಳನ್ನೆಲ್ಲ ಇಳಿಸಿದ. ಕೊಳೆತ ತೊಲೆಗಳನ್ನು ಕಿತ್ತ. ಪುಡಿಯಾದದ್ದನ್ನೆಲ್ಲ ಕಸದ ಗಾಡಿ ಹೊತ್ತುಕೊಂಡು ಹೋಯಿತು. ಗೋಡೆಯ ನೆತ್ತಿಯನ್ನು ಗುಡಿಸಿ, ಒರೆಸಿ, ಇಂಜಿನಿಯರು ಮೆಚ್ಚುತ್ತಾರೆ ಎಂದುಕೊಂಡು ಬಯಲಿನಂಥ ಕೋಣೆಯಲ್ಲಿ ಖುಷಿಯಿಂದಲೇ ಮಲಗಿದ.

ಇಂಜಿನಿಯರು ಬಾಗಿಲಲ್ಲೇ ನಿಂತರು. ಮೇಲೆ ನೋಡಿದರು, ಅವನನ್ನು ನೋಡಿದರು.

"ಛಾವಣಿ ಎಲ್ರೀ?"

"ಇಳಿಸ್ಬಿಟ್ಟೆ ಸಾರ್. ನೀವು ಬರೋಷ್ಟರಲ್ಲಿ ಎಲ್ಲ ಕ್ಲೀನ್ ಮಾಡಿಡೋಣ ಅಂತ."

"ಯಾರು ಹೇಳಿದ್ರು ನಿಮಗೆ? ಇರೋ ಛಾವಣಿ ಬದಲಾಯಿಸೋಕೆ ಅನುಮತಿ ಕೊಡಬಹುದು. ಛಾವಣಿನೇ ಇಲ್ಲ ಅಂದ್ರೆ ಇದು ಹೊಸ ಮನೆ ಲೆಕ್ಕ. ಹೊಸ ಮನೆಗೆ ರಸ್ತೆಯಿಂದ ಹತ್ತಡಿ ಬಿಡ್ಬೇಕು."

ಬ್ರಷ್ಷಣ್ಣ ಮನೆಯನ್ನು ನೋಡಿದ. ಮುಂದಿನ ಗೋಡೆ ರಸ್ತೆಗೆ ಅಂಟಿಕೊಂಡೇ ಇತ್ತು. ಹತ್ತಡಿ ಬಿಟ್ಟರೆ ಉಳಿಯುವುದು ಹಿಂದಿನ ಗೋಡೆ ಮತ್ತು ಒಬ್ಬರು ನಿಲ್ಲುವಷ್ಟು ಜಾಗ.

"ನಿನ್ನೆವರೆಗೂ ಇತ್ತು ಸಾರ್. ಬೀದಿಯವ್ರನ್ನ ಕೇಳಿ."

"ನಂಬ್ತೀನಿ ಕಣ್ರೀ. ನಾನು ನಂಬಿದ್ರೆ ಏನ್ ಬಂತು? ಕಣ್ಣಾರೆ ನೋಡಿದ್ದನ್ನೇ ಬರೀಬೇಕು." ಆತ ಕೆಟ್ಟವರೇನಲ್ಲ. ಹೊರಡುವಾಗ ದನಿ ತಗ್ಗಿಸಿ, "ಕದ್ದುಮುಚ್ಚಿ ಛಾವಣಿ ಹಾಕೋಕೆ ಹೋಗ್ಬೇಡಿ. ಕೆಡವಿಸ್ತಾರೆ, ಆಗ ಗೋಡೆನೂ ಹೋಗುತ್ತೆ" ಎಂದರು.

ಆಮೇಲೆ ಅವನು ದಿನಗಟ್ಟಲೆ ಬ್ರಷ್ಷು ಮುಟ್ಟದೆ ಪುರಸಭೆಯ ಮೆಟ್ಟಿಲು ಸವೆಸಿದ. ಎಲ್ಲರೂ ಅಯ್ಯೋ ಪಾಪ ಎಂದರು. ಆಗುವುದಿಲ್ಲ ಎಂದೂ ಅವರೇ ಅಂದರು. ಒಂದೇ ಒಂದು ದಿನ ಸೋಮಾರಿಯಾಗಿ ಬಿದ್ದುಕೊಂಡಿದ್ದರೆ ಮನೆ ಉಳಿಯುತ್ತಿತ್ತು. ಸೋಮಾರಿತನ ಅವನ ಜಾಯಮಾನದಲ್ಲೇ ಇರಲಿಲ್ಲ, ಏನು ಮಾಡುವುದು? ಕೊನೆಗೊಂದು ಸಂಜೆ, ದಿನವೆಲ್ಲ ಕಚೇರಿಯ ಬೆಂಚಿನ ಮೇಲೆ ಕೂತು, ಬರಿಗೈಯಲ್ಲಿ ಆಸ್ಪತ್ರೆಗೆ ಹೋದ.

"ಛಾವಣಿ ಆಯ್ತಾ?" ಹೆಂಡತಿ ಕೇಳಿದಳು.

"ಆಯ್ತು ಕಣೇ. ಒಳಗಡೆ ಕೆನೆ ಬಣ್ಣನೂ ಹೊಡ್ದೆ, ನೀನು ಕೇಳಿದ್ದೇ. ಬೆಳಿಗ್ಗೆಯಿಂದ ಅದೇ ಕೆಲಸ. ಆದ್ರೆ ವಾಸನೆ ಹೋಗಿಲ್ಲ, ನಿಂಗೆ ಆಗಲ್ಲ. ಇನ್ನೂ ಸ್ವಲ್ಪ ದಿನ ಇಲ್ಲೇ ಇರು."

ಅವಳು ಅವನ ಕೈಯನ್ನು ಮೂಗಿನ ಹತ್ತಿರ ಎಳೆದುಕೊಂಡಳು. ಸಂಸಾರ ಹೂಡಿದಾಗಿನಿಂದ ಯಾವ ಸೋಪಿಗೂ ಬಗ್ಗದ, ಬಣ್ಣಕ್ಕೆ ಬೆರೆಸುವ ಟರ್ಪೆಂಟೈನಿನ ವಾಸನೆ ಇದ್ದ ಕೈ ಅದು. ಇವತ್ತು ಏನೂ ಇರಲಿಲ್ಲ.

ಅವಳು ಕೈ ಬಿಡಲಿಲ್ಲ. "ಆಯ್ತು ಬಿಡಿ. ವಾಸನೆ ಹೋಗ್ಲಿ, ನಿಧಾನಕ್ಕೆ ಹೋಗೋಣ" ಎಂದಳು.

ನಾಳೆ ಮಂಚ ಖಾಲಿ ಮಾಡಬೇಕೆಂದು ನರ್ಸ್ ಬೆಳಿಗ್ಗೆಯೇ ಅವಳಿಗೆ ಹೇಳಿ ಹೋಗಿದ್ದಳು. ಅದನ್ನು ಅವಳು ಅವನಿಗೆ ಹೇಳಲಿಲ್ಲ.