ಹಾಲಿನ ಪುಡಿಯವರ ತಕ್ಕಡಿ

ಗೆಳತಿಯರೇ, ಇವತ್ತು ಮುಂಡರಗಿಯಲ್ಲಿ ನನ್ನ ಮಗಳು ಸೋತಳು. ಹಾಲಿನ ಪುಡಿ ಕಂಪನಿಯವರು ನಡೆಸಿದ ಆರೋಗ್ಯವಂತ ಶಿಶು ಸ್ಪರ್ಧೆಯಲ್ಲಿ ಅತಿ ಭಾರದ ಕೂಸಿಗೆ ಬಹುಮಾನ. ತೂಗಲು ದಲಾಲಿ ಅಂಗಡಿಯಿಂದ ಶೇಂಗಾ ಚೀಲದ ತಕ್ಕಡಿ ತರಿಸಿದ್ದರು. ಹದಿನಾಲ್ಕು ತಿಂಗಳ ನನ್ನ ಮಗಳು ಅದರಿಂದ ಇಳಿದು ಓಡಿಬಿಟ್ಟಳು. ಹಿಡಿದು ತಂದು ತೂಗಿದರು.

ಡೊಳ್ಳುಹೊಟ್ಟೆಯ ಕಂಪನಿ ಸಾಹೇಬರು ಎಲ್ಲರೆದುರು, "ಮಗು ಸೊರಗಿದೆ. ಎದೆಹಾಲು, ರೊಟ್ಟಿ ಸಾಲದು. ನಮ್ಮ ಡಬ್ಬಿ ಒಯ್ಯಿರಿ" ಎಂದರು.

"ಕೂಸು ಅಂದ್ರ ಶೇಂಗಾ ಚೀಲ ಏನ್ರಿ? ತೂಕಾನ ಆರೋಗ್ಯ ಆದ್ರ ಮೊದಲ ನೀವ ಹತ್ರಿ, ಬಹುಮಾನ ನಿಮಗ ಬರತೈತಿ!" ಎಂದೆ.

ಹೆಂಗಸರೆಲ್ಲ ನಕ್ಕರು. ಸಾಹೇಬರು ಹತ್ತಲಿಲ್ಲ. ನಾನು ಡಬ್ಬಿ ಮುಟ್ಟಲಿಲ್ಲ.

ಇವತ್ತು ದಪ್ಪಗಾಗಲು ಪುಡಿ ಮಾರಿದವರೇ ನಾಳೆ ತೆಳ್ಳಗಾಗಲೂ ಪುಡಿ ಮಾರುತ್ತಾರೆ, ಬರೆದಿಟ್ಟುಕೊಳ್ಳಿ.