ಮಡಿಲಲ್ಲಿ ರಕ್ತ ಹೊತ್ತು ಹೊರಡುವ ಮೂರ್ತಪ್ಪ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೊರಡುವ ಮೊದಲ ಬಸ್ಸಿಗೆ ಜನ ಮುಗಿಬೀಳುತ್ತಿದ್ದಾರೆ. ಮೂರ್ತಪ್ಪನವರಿಗೆ ಆ ಧಾವಂತವಿಲ್ಲ. ಅವರ ಸೀಟಿಗೆ ಕಂಡಕ್ಟರೇ ಟವೆಲ್ ಹಾಕಿಟ್ಟಿದ್ದಾರೆ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಸೀಟದು, ಕುಲುಕಾಟ ಕಡಿಮೆ. ಮಡಿಲಲ್ಲಿ ಮಡಿಸಿದ ಕಂಬಳಿ, ಅದರ ಮೇಲೆ ಐಸ್ ತುಂಬಿದ ಫ್ಲಾಸ್ಕು. ಒಳಗೆ ಬಿ.ದುರ್ಗವೆಂಬ ಹಳ್ಳಿಯ ಏಳು ವರ್ಷದ ಸ್ವಾತಿಯ ರಕ್ತ.

ಐವತ್ತೊಂದರ ಮೂರ್ತಪ್ಪ ಊರಿನ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಟೆಂಡರ್. ಕಳೆದ ವರ್ಷ, 2006ರಲ್ಲಿ, ಚಿಕೂನ್‌ಗುನ್ಯಾ ಊರೂರನ್ನೇ ಮಲಗಿಸಿದ ಮೇಲೆ ಇಲ್ಲಿ ಜ್ವರವೆಂದರೆ ಎದೆ ಝಲ್ಲೆನ್ನುತ್ತದೆ. ಜ್ವರ ತಲೆಗೇರಿದ ಮಕ್ಕಳ ರಕ್ತವನ್ನು ಚಿತ್ರದುರ್ಗದ ಲ್ಯಾಬಿಗೆ ಮುಟ್ಟಿಸುವುದು ಇವರ ಪಾಲಿನ ಕೆಲಸ. ಅಲ್ಲಿ ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿನೀರನ್ನು ಬೆಂಗಳೂರಿಗೆ ಕಳಿಸುತ್ತಾರೆ. ಇದುವರೆಗೆ ಮುಟ್ಟಿಸಿದ್ದು ನೂರಾ ಹದಿನಾಲ್ಕು ಟ್ಯೂಬು.

ಮೆದುಳಿನ ಜೀವಕೋಶ ಒಡೆದರೆ ಅದರೊಳಗಿನ ಒಂದು ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಅದನ್ನು ಅಳೆದರೆ ಒಳಗಿನ ಪೆಟ್ಟು ನಿಂತಿದೆಯೋ ಬೆಳೆಯುತ್ತಿದೆಯೋ ಎಂಬ ಅಂದಾಜು ಸಿಗುತ್ತದೆ. ಆದರೆ ಹಾಳಾದ್ದು, ಅದೇ ಪ್ರೋಟೀನು ರಕ್ತದ ಕೆಂಪು ಕಣಗಳಲ್ಲೂ ಇದೆ. ದಾರಿಯಲ್ಲಿ ಆ ಕಣಗಳು ಒಡೆದರೆ ಚೆನ್ನಾಗಿರುವ ಮೆದುಳೂ ಕೆಟ್ಟಿದೆ ಎಂದೇ ವರದಿ ಬರುತ್ತದೆ.

ಹಾಗೆ ಒಮ್ಮೆ ಆಗಿದೆ. ಐಸ್‌ಕ್ಯಾಂಡಿ ಮಾರುವವರು ಕ್ಯಾಂಡಿ ಬೇಗ ಕರಗದಿರಲೆಂದು ಸುತ್ತಲಿನ ಐಸಿಗೆ ಉಪ್ಪು ಉದುರಿಸುವುದನ್ನು ಕಂಡಿದ್ದ ಮೂರ್ತಪ್ಪ, ಫ್ಲಾಸ್ಕಿಗೂ ಎರಡು ಹಿಡಿ ಉಪ್ಪು ಹಾಕಿದರು. ಉಪ್ಪಿನ ಐಸಿನ ಚಳಿಗೆ ರಕ್ತ ಮಂಜುಗಡ್ಡೆಯಾಗಿ ಕಣಗಳು ಒಡೆದವು. ಹಳದಿ ಇರಬೇಕಾದ ತಿಳಿನೀರು ದಾಳಿಂಬೆ ರಸದಂತಾದರೂ ಲ್ಯಾಬಿನಲ್ಲಿ ಯಾರೂ ಅದನ್ನು ತಡೆಹಿಡಿಯಲಿಲ್ಲ. ಮಗುವಿನ ಮೆದುಳು ಹೋಯಿತೆಂದು ಒಂದು ಮನೆಯವರು ಎಂಟು ದಿನ ಅತ್ತರು. ಮತ್ತೆ ರಕ್ತ ತೆಗೆದಾಗ ಅದು ಸುಳ್ಳೆಂದು ಗೊತ್ತಾಯಿತು.

"ಯಾರೂ ಬೈಲಿಲ್ಲ ಸಾರ್. ಬೈದಿದ್ರೆ ಹಗುರಾಗ್ತಿತ್ತು," ಎನ್ನುತ್ತಾರೆ ಮೂರ್ತಪ್ಪ. ಅಂದಿನಿಂದ ಉಪ್ಪು ಬಂದ್, ಟ್ಯೂಬಿಗೆ ದಪ್ಪ ಬಟ್ಟೆಯ ಸುತ್ತು. ಆದರೂ ರಸ್ತೆಯ ಹಂಪು ಬಂದಾಗಲೆಲ್ಲ ಮೂರ್ತಪ್ಪ ಸೀಟಿನಿಂದ ಅರ್ಧ ಎದ್ದು ಕುಲುಕನ್ನು ಮೊಣಕಾಲಲ್ಲೇ ತಡೆದುಕೊಳ್ಳುತ್ತಾರೆ. ದುರ್ಗದಲ್ಲಿ ಯಂತ್ರ ತಿರುಗುವಷ್ಟು ಹೊತ್ತೂ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಇಂದು ತಿಳಿನೀರು ಎಳ್ಳೆಣ್ಣೆಯಂತೆ ಹಳದಿ. ಅದನ್ನು ಕಂಡ ಮೇಲೆಯೇ ಅವರು ಖಾಲಿ ಫ್ಲಾಸ್ಕು ಎತ್ತಿಕೊಂಡರು.

ಸ್ವಾತಿಯ ಜ್ವರ ಬಿಟ್ಟು ಮೂರು ದಿನವಾಗಿದೆ. ಕಣ್ಣು ಬಿಡುತ್ತಾಳೆ, ತಾಯಿಯ ಗುರುತು ಮಾತ್ರ ಹತ್ತುತ್ತಿಲ್ಲ. ಮೊದಲ ರಕ್ತದ ವರದಿ ಅಷ್ಟೇನೂ ಕೆಟ್ಟದಿರಲಿಲ್ಲ. ಈ ಎರಡನೆಯದು ಇಳಿದಿದ್ದರೆ ಇಲ್ಲೇ ಇರಿಸಿಕೊಳ್ಳಬಹುದು, ಏರಿದ್ದರೆ ತಡಮಾಡದೆ ಬೆಂಗಳೂರಿಗೆ ಒಯ್ಯಬೇಕು ಎಂದು ಡಾಕ್ಟರು ಹೇಳಿಟ್ಟಿದ್ದಾರೆ.

ಮರುದಿನ ಮಧ್ಯಾಹ್ನ ಫೋನು ಬರುತ್ತದೆ. ಏರಿದೆ, ಮೂರು ಪಟ್ಟು. ಡಾಕ್ಟರು ಮೊದಲು ನೋಡುವುದು ಮೂರ್ತಪ್ಪನವರ ಮುಖವನ್ನೇ. ತಿಳಿನೀರಿನ ಬಣ್ಣ ಯಾವುದಿತ್ತೆಂದು ಕೇಳುತ್ತಾರೆ. ಹಳದಿ ಎಂದು ಹೇಳಿ ಮೂರ್ತಪ್ಪ ಹೊರಗೆ ಬರುತ್ತಾರೆ. ತನ್ನದೇ ತಪ್ಪಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಆ ಗಳಿಗೆ ಅನ್ನಿಸಿತಂತೆ.

ಹೊರಗೆ ಸ್ವಾತಿಯ ತಾಯಿ ಜಯಕ್ಕ ಬಾಗಿಲಿಗೆ ಅಂಟಿಕೊಂಡು ನಿಂತಿದ್ದಾಳೆ. ಉಪ್ಪಿನ ಕಥೆ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಮೂರ್ತಪ್ಪನವರ ಅಂಗಿಯ ತೋಳು ಹಿಡಿದು ಕೇಳುತ್ತಾಳೆ:

"ಅಣ್ಣಾ, ಈ ಸಲಾನೂ ನಿನ್ನಿಂದ ಏನಾರ ತಪ್ಪಾಗೈತೇನೋ. ಹೂಂ ಅನ್ನು, ನಾನೇನೂ ಅನ್ನಲ್ಲ."

ಮೂರ್ತಪ್ಪ ತೋಳು ಬಿಡಿಸಿಕೊಳ್ಳುವುದಿಲ್ಲ.

"ಇಲ್ಲ ಕಣವ್ವ. ಈ ಸಲ ಸರಿಯಾಗೇ ಮುಟ್ಟಿಸೀನಿ. ಗಾಡಿ ಬಂದೈತೆ, ಮಗೀನ ಎತ್ಕ, ಹೋಗಾಣ."