ಗುರಿ ಕೂಡಿಸಿಕೊಡುವ ವೆಂಡೆಲ್
ರೈಫಲ್ಲು, ಪಿಸ್ತೂಲು, ಶಾಟ್‌ಗನ್ನು ಮೂರರಲ್ಲೂ ಹೊಡೆಯಬೇಕಾದ ಪಂದ್ಯದ ದಿನ ಒಕ್ಲಹೋಮಾದ ಆ ಮೈದಾನಕ್ಕೆ ಎಲ್ಲರಿಗಿಂತ ಮೊದಲು ಬರುವವನು ವೆಂಡೆಲ್ ಸ್ಟಬ್ಸ್. ಹಳೇ ಜೀನ್ಸಿನ ಕಾಲಿಗೆ ಅಕ್ಕಿ ತುಂಬಿ ಹೊಲಿದ ದಿಂಬನ್ನು ಬಂದೂಕು ಊರಲು ಮೇಜಿನ ಮೇಲಿಟ್ಟು, ಬಂದವರ ಬಂದೂಕುಗಳಿಗೆಲ್ಲ ನೂರು ಗಜದಾಚೆಯ ಕಾಗದದ ಮೇಲೆ ಗುರಿ ಕೂಡಿಸಿಕೊಡುತ್ತಾನೆ, ಅಂದರೆ ಬಂದೂಕಿನ ಮೇಲಿನ ದುರ್ಬೀನು ತೋರಿಸಿದಲ್ಲೇ ಗುಂಡು ಬೀಳುವಂತೆ ತಿರುಪು ತಿರುಗಿಸಿ ಹೊಂದಿಸುತ್ತಾನೆ. ಒಂದೇ ಗುಂಡು ಹಾರಿಸಿ ದುರ್ಬೀನಿನ ತಿರುಪಿಗೆ ಯಾರಾದರೂ ಕೈಹಾಕಿದರೆ, “ಒಂದು ಗುಂಡಿನ ಮಾತು ನಂಬಬೇಡ, ಮೂರು ಹೊಡಿ,” ಎಂದು ಗದರುತ್ತಾನೆ. ತಿರುಪು ಸಡಿಲವಾದರೆ ಗೊತ್ತಾಗಲೆಂದು ಹೆಂಡತಿಯ ಉಗುರುಬಣ್ಣದಲ್ಲಿ ಗೆರೆ ಎಳೆದೂ ಎಳೆದೂ, ಆ ಜಿಲ್ಲೆಯ ಅರ್ಧ ರೈಫಲ್ಲುಗಳು ಗುಲಾಬಿಯಾಗಿವೆ. ವರ್ಷದ ಕೊನೆಯ ಪಂದ್ಯಕ್ಕೆ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಬಂದ ಮಾರ್ಲಿಸ್ ಎಂಬವಳ ಮೂರು ಗುಂಡುಗಳೂ ಮೂರು ದಿಕ್ಕಿಗೆ ಹೋದವು. “ದುರ್ಬೀನು ಒಳಗೇ ಮುರಿದಿದೆ ಕಣಮ್ಮ,” ಎಂದ ವೆಂಡೆಲ್. ಅವಳು ಸಾಮಾನು ಕಟ್ಟತೊಡಗುವಷ್ಟರಲ್ಲಿ ಅವನು ತನ್ನ ರೈಫಲ್ಲಿನದನ್ನೇ ಬಿಚ್ಚಿ ಅವಳದಕ್ಕೆ ಕೂರಿಸುತ್ತಿದ್ದ. “ಮತ್ತೆ ಪಂದ್ಯದಲ್ಲಿ ನೀವು ಹೇಗೆ ಹೊಡೀತೀರಿ?” ಎಂದಳು. “ನಂಗೆ ಬರೋ ವರ್ಷ ಇದೆಯಲ್ಲ,” ಎಂದ, ಎಂಬತ್ತೊಂದು ದಾಟಿದ ವೆಂಡೆಲ್. ಮಧ್ಯಾಹ್ನ ದೂರದ ಉಕ್ಕಿನ ಫಲಕಗಳೆಲ್ಲ ಅವಳ ಗುಂಡಿಗೆ ಠಣ್ಣೆಂದವು. ಬಹುಮಾನ ಬರಲಿಲ್ಲ, ಹದಿನೇಳನೆಯವಳಾದಳು. ಹೊರಡುವ ಮುನ್ನ ಮಾರ್ಲಿಸ್ ದುರ್ಬೀನನ್ನು ಅವನ ರೈಫಲ್ಲಿಗೆ ಮತ್ತೆ ಕೂರಿಸಿ, ಮುದುಕನನ್ನು ಮೇಜಿನ ಮುಂದೆ ಕೂರಿಸಿದಳು. “ಬಿಚ್ಚಿ ಕೂರಿಸಿದ್ದಲ್ವಾ, ಗುರಿ ಮತ್ತೆ ಕೂಡಿಸಬೇಕು. ನೀವು ಹೊಡೀರಿ. ಎಲ್ಲಿ ಬಿತ್ತು ಅಂತ ನಾನು ನೋಡಿ ಹೇಳ್ತೀನಿ.” ಆ ಮೈದಾನಕ್ಕೆ ಬರತೊಡಗಿದ ನಲವತ್ತು ವರ್ಷಗಳಲ್ಲಿ ವೆಂಡೆಲನ ಬಂದೂಕಿಗೆ ಇನ್ನೊಬ್ಬರು ಗುರಿ ಕೂಡಿಸಿಕೊಟ್ಟದ್ದು ಅದೇ ಮೊದಲು.